ತಾಟಿನಲ್ಲಿ ಒಂಬತ್ತು ಬೆಂಡು

ತೀರಿಕೊಂಡ ಮಿಸ್ತ್ರಿ ಕಾಕಾ ಅವರನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಕೊರಳಲ್ಲಿ ಚೆಂಡುಹೂವಿನ ಮಾಲೆ. ಹಣೆಗೆ, ಎದೆಗೆ, ತೋಳಿಗೆ ವಿಭೂತಿ. ಭಜನೆಯವರು ತಾಳ ಹಾಕುತ್ತಿದ್ದರು. ಒಳಗೆ ಹೋದ ನಾನು ಮೊದಲು ಮುಖ ನೋಡಬೇಕಿತ್ತು. ನೋಡಲಿಲ್ಲ. ಕಣ್ಣು ನೇರ ಬಲಗೈಗೆ ಹೋಯಿತು. ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ನುಣ್ಣಗೆ, ತೆಳ್ಳಗೆ, ಬೇರೆ ಯಾರದೋ ಚರ್ಮದ ಹಾಗೆ ಹೊಳೆಯುತ್ತಿತ್ತು. ಮೈಯಲ್ಲೆಲ್ಲ ನಿಂತ ವಿಭೂತಿ ಅಲ್ಲಿ ಮಾತ್ರ ನಿಂತಿರಲಿಲ್ಲ.

ತಾಳದ ಸದ್ದಿನ ನಡುವೆ ನನಗೆ ಆ ಇನ್ನೊಂದು ಸದ್ದು ಕೇಳತೊಡಗಿತು. ಮೂರು ವರ್ಷವಾಯಿತು. ಚಾವಿ ನನ್ನ ಕೈಯಲ್ಲಿದೆ. ಎಂಜಿನ್ ಚೀರುತ್ತಿದೆ. ಎಷ್ಟು ಸಲ ನೆನಪಿಸಿಕೊಂಡರೂ ಈ ಎರಡು ಸಂಗತಿ ಒಂದಕ್ಕೊಂದು ಕೂಡುವುದಿಲ್ಲ.

ಸೊಲ್ಲಾಪುರ ರಸ್ತೆಯಿಂದ ಒಳಗೆ ತಿರುಗಿದರೆ ನಮ್ಮ ಓಣಿ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಬಸ್ ಡಿಪೋದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಓಣಿಗೆಲ್ಲ ಮಿಸ್ತ್ರಿ ಕಾಕಾ; ಅವರ ಹೆಂಡತಿ ಕಾಕು. ನಾನು ಡಿಗ್ರಿ ಕಾಲೇಜಿನಲ್ಲಿ ಫಿಜಿಕ್ಸ್ ಕಲಿಸುತ್ತೇನೆ. ಹಾಗಾಗಿ ವಯಸ್ಸಿನಲ್ಲಿ ಅವರ ಮಗಳಂತಿದ್ದರೂ ಅವರ ಬಾಯಲ್ಲಿ ನಾನು ‘ಅಕ್ಕೋರು’.

ಬೆಳಿಗ್ಗೆ ಚಹಾದ ಬಟ್ಟಲು ಹಿಡಿದು ಕಟ್ಟೆಯ ಮೇಲೆ ಕೂತರೆ ಓಣಿಯ ಗಾಡಿಗಳೆಲ್ಲ ಅವರ ಮುಂದೆ ಹಾಜರಿ ಕೊಟ್ಟು ಹೋದಂತೆ. ಕತ್ತೆತ್ತಿ ನೋಡುತ್ತಿರಲಿಲ್ಲ, ಕೇಳುತ್ತಿದ್ದರು. ಒಂದು ದಿನ ನನ್ನ ಸ್ಕೂಟರಿಗೆ ಕೈ ಅಡ್ಡ ಮಾಡಿ, “ಅಕ್ಕೋರ, ನಿನ್ನೆಯಿಂದ ಇದು ಕೆಮ್ಮಾಕತ್ತೈತಿ. ನಿಮಗ ಕೇಳಿಸೂದಿಲ್ಲೇನು?” ಎಂದರು. ನನಗೆ ಕೇಳಿಸಿರಲಿಲ್ಲ. ಧ್ವನಿತರಂಗದ ಪಾಠ ಮಾಡಲು ಹೊರಟವಳು ನಾನು.

ಕೆಲಸಕ್ಕೆ ಕೂರಲು ಅವರಿಗೆ ಒಂದು ಮಣೆ. ಹಳೆಯ ಬಸ್ಸಿನ ನೆಲಕ್ಕೆ ಹಾಕಿದ್ದ ದಪ್ಪ ಹಲಗೆಯಿಂದ ಕತ್ತರಿಸಿದ್ದು, ಎರಡು ಗೇಣು ಉದ್ದ, ಒಂದು ಗೇಣು ಅಗಲ. ಅದಿಲ್ಲದೆ ಅವರು ಒಂದು ಬೋಲ್ಟೂ ಬಿಚ್ಚುತ್ತಿರಲಿಲ್ಲ. ಬೀಗರ ಊರಿಗೆ ಹೋದಾಗಲೂ ಗಾಡಿಯಲ್ಲಿ ಅದು ಇರುತ್ತಿತ್ತು. ಅಳಿಯನ ಮನೆಯಲ್ಲಿ ಕುರ್ಚಿ ಹಾಕಿದರೆ ಇವರು ಮಣೆ ತರಲು ಎದ್ದು ಹೋದರೆಂದು ಕಾಕು ಇವತ್ತಿಗೂ ಹೇಳುತ್ತಾರೆ.

ಇನ್ನೊಂದು ಅವರ ಬೆಂಡು. ಕಾಕುವಿನ ತಮ್ಮ ಮಮದಾಪುರದಲ್ಲಿ ಒಕ್ಕಲುತನ ಮಾಡಿಕೊಂಡಿದ್ದಾನೆ. ಜೋಳದ ರಾಶಿಯಾದ ಮೇಲೆ ಟ್ರ್ಯಾಕ್ಟರಿನಲ್ಲಿ ಕಣಕಿ ಮೇವು ಸಾಗಿಸುವಾಗ ಒಂದು ಹೊರೆಯನ್ನು ಅಕ್ಕನ ಮನೆಯ ಮುಂದೆ ಕೆಡವಿ ಹೋಗುತ್ತಿದ್ದ. ಕಾಕಾ ಅದರ ದಂಟನ್ನು ಸುಲಿದು ಒಳಗಿನ ಹಗುರ ಬೆಂಡನ್ನು ಬೆರಳುದ್ದಕ್ಕೆ ಕತ್ತರಿಸಿಡುತ್ತಿದ್ದರು. ನಾವೆಲ್ಲ ಸಣ್ಣವರಿದ್ದಾಗ ಬಂಡಿ ಮಾಡಿ ಆಡುತ್ತಿದ್ದ ಅದೇ ಬೆಂಡು. ಎಂಜಿನ್ನಿನಿಂದ ಒಂದು ಪೈಪ್ ಬಿಚ್ಚಿದರೆ ಆ ತೂತಿಗೆ ಒಂದು ಬೆಂಡು. ನಮ್ಮ ಊರಿನ ಧೂಳಿನಲ್ಲಿ ಬಾಯಿ ತೆರೆದಿಟ್ಟ ಯಾವ ಯಂತ್ರವೂ ಉಳಿಯುವುದಿಲ್ಲ ಎಂಬುದು ಅವರ ಮಾತು. ಬಟ್ಟೆ ತುರುಕಿದರೆ ಎಳೆ ಉಳಿಯುತ್ತದೆ, ಕಾಗದ ಹರಿಯುತ್ತದೆ. ಬೆಂಡು ತೂತಿನ ಅಳತೆಗೆ ತಾನೇ ಒತ್ತಿಕೊಂಡು ಕೂರುತ್ತದೆ. ಎಷ್ಟು ತೂತಿಗೆ ಹಾಕಿದರೋ ಅಷ್ಟನ್ನು ಬಾಯಲ್ಲೇ ಎಣಿಸಿಟ್ಟುಕೊಳ್ಳುವರು. ಜೋಡಿಸುವಾಗ ಒಂದೊಂದೇ ಬೆಂಡು ತೆಗೆದು ಪಕ್ಕದ ಸ್ಟೀಲಿನ ತಾಟಿಗೆ ಹಾಕಬೇಕು. ತಾಟಿನ ಎಣಿಕೆ ಬಾಯಿಯ ಎಣಿಕೆಗೆ ಕೂಡಿದ ಮೇಲೆಯೇ ಚಾವಿ. ಡಿಪೋದಲ್ಲಿ ಸಾವಿರಾರು ಬಸ್ಸು ಹೀಗೆಯೇ ಹೊರಬಿದ್ದಿದ್ದವು.

ನನಗೆ ಕಾರು ಕಲಿಸಿದವರು ಅವರೇ. ನಿವೃತ್ತಿಯ ಮೇಲೆ ಕೊಂಡ ಹಳೆಯ ಡೀಸೆಲ್ ಕಾರು, ಅವರಿಗಿಂತ ಸ್ವಲ್ಪ ಚಿಕ್ಕದು ಅಷ್ಟೆ. ಭಾನುವಾರ ಬೆಳಿಗ್ಗೆ ತಿಕೋಟಾ ರಸ್ತೆಯಲ್ಲಿ, ಎರಡೂ ಕಡೆ ದ್ರಾಕ್ಷಿ ಪಡಗಳ ನಡುವೆ, ನಾನು ಬೆವರುತ್ತ ಸ್ಟೀರಿಂಗ್ ಹಿಡಿದಿದ್ದರೆ ಪಕ್ಕದಲ್ಲಿ ಅವರು ಕಣ್ಣು ಮುಚ್ಚಿ ಕೂತಿರುವರು. ರಸ್ತೆ ನೋಡಿ ಎಂದರೆ, “ರಸ್ತಾ ನೀವು ನೋಡ್ರಿ. ನಾ ಎಂಜಿನ್ ನೋಡಾಕತ್ತೇನಿ” ಎನ್ನುವರು.

ಆ ಕಾರಿಗೆ ಏರು ಹತ್ತುವುದು ಕಷ್ಟ. ಒಮ್ಮೆ ಬಬಲೇಶ್ವರದಿಂದ ಬರುವಾಗ ಹಿಂದಿನಿಂದ ಒಂದು ಟ್ರ್ಯಾಕ್ಟರ್ ಹಾರ್ನ್ ಹೊಡೆದು ಇವರನ್ನು ದಾಟಿ ಹೋಯಿತಂತೆ. ತಲೆ ಮೇಲೆ ಕಣಕಿ ತುಂಬಿದ ಟ್ರ್ಯಾಕ್ಟರ್. ಓಡಿಸುತ್ತಿದ್ದವನು ಹೆಂಡತಿಯ ತಮ್ಮನೇ. ಸಂಜೆ ಮನೆಗೆ ಬಂದು ಚಹಾ ಕುಡಿಯುತ್ತ ಅವನು, “ಮಾಮಾ, ಮುಂದಿನ ಸಲ ಎರಡು ಎತ್ತು ಕೊಡತೇನ್ರಿ, ಮುಂದ ಹೂಡ್ಕೋರಿ” ಅಂದ. ಕಾಕು ಸೆರಗು ಬಾಯಿಗೆ ಹಿಡಿದು ನಕ್ಕರು. ಕಾಕಾನೂ ನಕ್ಕರು. ಆದರೆ ಬಟ್ಟಲಿನಲ್ಲಿ ಅರ್ಧ ಚಹಾ ಹಾಗೇ ಬಿಟ್ಟು ಎದ್ದರು.

ಒಂದು ತಿಂಗಳಲ್ಲಿ ರಟ್ಟಿನ ಪೆಟ್ಟಿಗೆ ಬಂತು. ಟರ್ಬೊ ಕಿಟ್. ಸೈಲೆನ್ಸರಿಗೆ ಹೋಗುವ ಹೊಗೆಯ ರಭಸಕ್ಕೆ ಒಂದು ಪುಟ್ಟ ಚಕ್ರ ತಿರುಗುತ್ತದೆ, ಅದೇ ದಂಡದ ಇನ್ನೊಂದು ತುದಿಯ ಚಕ್ರ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುತ್ತದೆ ಎಂದು ನಾನು ನನ್ನ ಪಾಠದ ದನಿಯಲ್ಲಿ ವಿವರಿಸಿದೆ. ಡಿಪೋದಲ್ಲಿ ಅಂಥವನ್ನು ನೂರಾರು ಬಿಚ್ಚಿದವರು, ಪೂರ್ತಿ ಕೇಳಿಸಿಕೊಂಡು, “ಅಂದ್ರ ಬಿಟ್ಟ ಉಸುರಿನಿಂದನ ಮತ್ತೊಂದು ಉಸುರು ಎಳಕೊಳ್ಳೂದು” ಎಂದರು. ಆಮೇಲೆ ಅದನ್ನೇ ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ.

ಕಿಟ್ಟಿನ ಜೊತೆ ಇಂಗ್ಲಿಷಿನ ಸೂಚನೆ ಹಾಳೆ ಇತ್ತು. ಅದನ್ನು ಓದಿ ಕನ್ನಡದಲ್ಲಿ ಹೇಳುವ ಕೆಲಸ ನನ್ನದು. ಟರ್ಬೊದ ದಂಡ ಎಣ್ಣೆಯಲ್ಲೇ ತೇಲುತ್ತದೆ. ಮೇಲಿನಿಂದ ಎಂಜಿನ್ ಆಯಿಲ್ ಒಳಗೆ ಬರಬೇಕು, ಕೆಳಗಿನ ಪೈಪಿನಿಂದ ಚೇಂಬರಿಗೆ ವಾಪಸ್ ಹೋಗಬೇಕು. “ವಾಪಸ್ ಹೋಗುವ ಪೈಪಿನಲ್ಲಿ ಯಾವ ಅಡ್ಡಿಯೂ ಇರಕೂಡದು” ಎಂದು ನಾನೇ ಓದಿದೆ. ನನ್ನ ಬಾಯಿಂದಲೇ. ಅದು ತಮಗೆ ಗೊತ್ತಿದೆ, ಮುಂದೆ ಓದಿ ಎಂದರು ಅವರು.

ಮೂರು ಭಾನುವಾರ ಕೆಲಸ ನಡೆಯಿತು. ಮನೆ ಮುಂದೆ ಬೇವಿನ ಗಿಡದ ನೆರಳಲ್ಲಿ ಕಾರು, ಅದರ ಪಕ್ಕ ಮಣೆ, ಮಣೆಯ ಪಕ್ಕ ತಾಟು. ಒಟ್ಟು ಒಂಬತ್ತು ತೂತು, ಒಂಬತ್ತು ಬೆಂಡು. ಮೂರನೆಯ ಭಾನುವಾರ ಎಂಟು ಬೆಂಡು ತಾಟಿಗೆ ಬಂದಿದ್ದವು. ಒಂಬತ್ತನೆಯದು ಆ ವಾಪಸ್ ಪೈಪಿನ ಬಾಯಿಗೆ, ಪೈಪ್ ಹೊರಗಿದ್ದಾಗಲೇ ಅವರು ಹಾಕಿದ್ದು. ಅದು ಎಂಜಿನ್ನಿನ ಹಿಂದೆ, ಇಕ್ಕಟ್ಟಿನಲ್ಲಿ. ಅವರ ದಪ್ಪ ಕೈ ಅರ್ಧಕ್ಕೇ ಸಿಕ್ಕಿಕೊಂಡಿತು.

“ಅಕ್ಕೋರ, ನಿಮ್ಮ ಕೈ ಸಣ್ಣದೈತಿ. ಒಂಚೂರು ಹಾಕ್ರಿ.”

ಬಳೆ ಸರಿಸಿ ಕೈ ಹಾಕಿದೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಬೆರಳಿಗೆ ಮಾತ್ರ. ಬೆಂಡಿನ ತುದಿ ಸಿಕ್ಕಿತು. ಎಳೆದೆ. ಬೆರಳಿಗೆ ಏನೋ ಸಣ್ಣಗೆ ಮುರಿದ ಹಾಗಾಯಿತು. ಸದ್ದಾಗಲಿಲ್ಲ, ಬರೀ ಒಂದು ಅನಿಸಿಕೆ. ಹೊರಗೆ ತೆಗೆದು ನೋಡಿದೆ. ಉಳಿದವು ಬೆರಳುದ್ದ ಇದ್ದರೆ ಇದು ಅರ್ಧ ಬೆರಳು. ಇಕ್ಕಟ್ಟಿನ ಜಾಗ, ಗಿಡ್ಡದನ್ನೇ ಹಾಕಿದ್ದಾರು ಎಂದುಕೊಂಡೆ. ಅಷ್ಟರಲ್ಲಿ ಕಾಕು ಒಳಗಿನಿಂದ ಚಹಾಕ್ಕೆ ಕರೆದರು. ತಾಟಿಗೆ ಹಾಕಿ, “ಒಂಬತ್ತು ಆತ್ರಿ” ಎಂದೆ.

ಅವರು ತಾಟಿನ ಕಡೆ ನೋಡಿದರು. ತುಟಿ ಅಲುಗಿತು. ಒಂಬತ್ತು. ಉದ್ದ ಪಾನಾ ಇಳಿಸಿ ಪೈಪನ್ನು ಬಿಗಿದರು.

ಈ ಜಾಗಕ್ಕೆ ಬಂದಾಗಲೆಲ್ಲ ನಾನು ನಿಲ್ಲುತ್ತೇನೆ. ಆ ಅರ್ಧ ಬೆಂಡನ್ನು ಎತ್ತಿ ತೋರಿಸಲು ಎರಡು ಕ್ಷಣ ಸಾಕಿತ್ತು.

ಕಾಕು ಪೂಜೆಗೆ ಸಜ್ಜು ಮಾಡಿದ್ದರು. ಬಾನೆಟ್ ತೆರೆದೇ ಇತ್ತು. ಹೊಸ ಟರ್ಬೊಗೆ ಅರಿಶಿನ ಕುಂಕುಮ, ಚಕ್ರದ ಕೆಳಗೆ ನಿಂಬೆಹಣ್ಣು. ಅವರ ತಮ್ಮ ಮಮದಾಪುರದಿಂದ ತಮಾಷೆ ನೋಡಲೆಂದೇ ಬಂದಿದ್ದ. ಗಾಳಿ ಎಳೆಯುವ ಬಾಯಿಗೆ ಫಿಲ್ಟರಿನ ಪೈಪ್ ಇನ್ನೂ ಹಾಕಿರಲಿಲ್ಲ. ಮೊದಲ ಸಲ ಅದರ ಸೀಟಿಯನ್ನು ಕಿವಿಯಾರೆ ಕೇಳಬೇಕು, ಫಿಲ್ಟರು ಆಮೇಲೆ ಹಾಕಿದರಾಯಿತು ಎಂದಿದ್ದರು ಕಾಕಾ. ಅದೊಂದು ಹಟ ಮಾಡದೆ ಇದ್ದಿದ್ದರೆ ಇವತ್ತು ಈ ಬರಹ ಬೇರೆಯೇ ಆಗಿರುತ್ತಿತ್ತು. ಬರೆಯುವವರೂ ಬೇರೆ ಇರುತ್ತಿದ್ದರೇನೋ.

ಸ್ಟೀರಿಂಗ್ ಹಿಂದೆ ನಾನು. ಅವರು ಬಾನೆಟ್ಟಿನ ಪಕ್ಕ ಮಣೆಯ ಮೇಲೆ. ಆರತಿ ತಾಟು ಹಿಡಿದು ಕಾಕು ಕಾರಿನ ಎದುರಿಗೆ. ಚಾವಿ ತಿರುಗಿಸಿದೆ. ಒಂದೇ ಏಟಿಗೆ ಚಾಲೂ ಆಯಿತು. ಸ್ವಲ್ಪ ಹೊತ್ತು ಸುಮ್ಮನೆ ಓಡಲು ಬಿಟ್ಟರು. ಆಮೇಲೆ ಕೈ ಎತ್ತಿ ಬೆರಳು ಆಡಿಸಿದರು. ಸ್ವಲ್ಪ ಎಕ್ಸಲರೇಟರ್ ಕೊಡು ಎಂದು. ಕೊಟ್ಟೆ. ಸಣ್ಣ ಸೀಟಿ ಎದ್ದಿತು, ದೂರದಲ್ಲಿ ಯಾರೋ ಒಂದೇ ಉಸಿರಿನಲ್ಲಿ ಊದಿದ ಹಾಗೆ. ಕಾಕಾ ಕಣ್ಣು ಮುಚ್ಚಿದರು. ಮುಖ ಅರಳಿತು. ಅಂಥ ಮುಖವನ್ನು ನಾನು ಮತ್ತೆ ಅವರಲ್ಲಿ ಕಾಣಲಿಲ್ಲ.

ಕಾಲು ತೆಗೆದೆ. ಸೀಟಿ ಇಳಿಯಲಿಲ್ಲ.

ಹಿಂದಿನಿಂದ ನೀಲಿ ಬಿಳಿ ಹೊಗೆ ಓಣಿ ತುಂಬಿತು. ಎಂಜಿನ್ನಿನ ಸದ್ದು ಏರುತ್ತಲೇ ಹೋಯಿತು. ಅವರು ಕಣ್ಣು ತೆರೆದು, “ಕಾಲು ತಗೀರಿ” ಎಂದರು. ತೆಗೆದಿದ್ದೇನೆ ಎಂದು ಎರಡೂ ಕೈ ಎತ್ತಿ ತೋರಿಸಿದೆ. ಚಾವಿ ಹಿಂದಕ್ಕೆ ತಿರುಗಿಸಿದೆ. ನಿಲ್ಲಲಿಲ್ಲ. ಚಾವಿಯನ್ನೇ ಕಿತ್ತು ಹೊರಗೆ ತೆಗೆದೆ. ಅದು ನನ್ನ ಅಂಗೈಯಲ್ಲಿತ್ತು, ಬೆಚ್ಚಗೆ. ಎಂಜಿನ್ ಚೀರುತ್ತಿತ್ತು. ಸೀಟು, ಬಾಗಿಲು, ನನ್ನ ಹಲ್ಲು ಎಲ್ಲ ನಡುಗುತ್ತಿದ್ದವು. ಡೀಸೆಲ್ ನಿಂತಿದೆ, ಆದರೂ ಓಡುತ್ತಿದೆ. ಯಾವುದನ್ನು ತಿಂದು ಓಡುತ್ತಿದೆ ಎಂಬುದು ಫಿಜಿಕ್ಸ್ ಓದಿದ ನನಗೆ ಹೊಳೆಯಲಿಲ್ಲ. ಅದು ತನ್ನ ಎಣ್ಣೆಯನ್ನೇ ಕುಡಿಯುತ್ತಿತ್ತು. ವಾಪಸ್ ಹೋಗಲಾರದ ಎಣ್ಣೆ ಟರ್ಬೊದಲ್ಲಿ ತುಂಬಿ, ಗಾಳಿಯ ಜೊತೆ ಒಳಗೆ ನುಗ್ಗುತ್ತಿತ್ತು. ಎಷ್ಟು ಓಡಿದರೆ ಅಷ್ಟು ಹೆಚ್ಚು ಎಣ್ಣೆ, ಅಷ್ಟು ಹೆಚ್ಚು ಓಟ. ಹಾಗೆ ಬಿಟ್ಟರೆ ಕೊನೆಗೆ ಎಂಜಿನ್ ಒಡೆದು ಕಬ್ಬಿಣದ ತುಂಡುಗಳು ಹಾರುತ್ತವೆ.

ಮೇಲಿನ ಗೇರಿಗೆ ಹಾಕಿ, ಬ್ರೇಕ್ ತುಳಿದು ಕ್ಲಚ್ ಬಿಟ್ಟರೆ ನಿಲ್ಲಬಹುದಿತ್ತು ಎಂದು ಆಮೇಲೆ ಓದಿದೆ. ಆದರೆ ಎದುರಿಗೆ ಕಾಕು ಇದ್ದರು, ಆರತಿ ತಾಟು ಹಿಡಿದು ಕಂಬದ ಹಾಗೆ.

ಕಾಕಾ ನನಗೆ ಇಳಿ ಎಂದು ಕೈ ಮಾಡಿದರು. ಇಳಿದೆ. ಇಳಿದವಳು ಅವರ ಕಡೆ ಹೋಗಲಿಲ್ಲ, ಕಾಕುವಿನ ಕಡೆಗೂ ಹೋಗಲಿಲ್ಲ. ಎದುರು ಮನೆಯ ಕಲ್ಲಿನ ಗೋಡೆಯ ಹಿಂದಕ್ಕೆ ಓಡಿದೆ. ಕಾಕುವನ್ನು ರಟ್ಟೆ ಹಿಡಿದು ಎಳೆದವನು ಅವರ ತಮ್ಮ. ಆರತಿ ತಾಟು ಬಿದ್ದು ಉರುಳಿದ್ದು ಕಂಡಿತು, ಸದ್ದು ಕೇಳಲಿಲ್ಲ.

ಹೊಗೆಯಲ್ಲಿ ಕಂಡದ್ದು ಇಷ್ಟು: ಅರವತ್ತೆಂಟು ವರ್ಷದ ಮನುಷ್ಯ ಎದ್ದು ನಿಂತರು. ಓಡಲಿಲ್ಲ. ಬಗ್ಗಿ ಮಣೆ ಎತ್ತಿಕೊಂಡರು. ಚೀರುತ್ತಿದ್ದ ಎಂಜಿನ್ನಿನ ಮೇಲೆ ಬಾಗಿ ಆ ತೆರೆದ ಗಾಳಿಬಾಯಿಗೆ ಮಣೆಯನ್ನು ಒತ್ತಿ ಹಿಡಿದರು, ಎರಡೂ ಕೈಯಿಂದ, ಮೈಭಾರ ಬಿಟ್ಟು. ಅವರ ಬಲಗೈ ಮೊಣಕೈಯಿಂದ ಮಣಿಕಟ್ಟಿನವರೆಗೆ ಕೆಂಪಗೆ ಕಾದಿದ್ದ ಟರ್ಬೊದ ಮೇಲೆ ಇತ್ತು. ಇತ್ತು ಎಂದರೆ ಇಟ್ಟೇ ಇದ್ದರು. ಎತ್ತಲಿಲ್ಲ. ಎಂಜಿನ್ ಒಮ್ಮೆ ಕಾರನ್ನೇ ಎತ್ತಿ ಒದರಿದ ಹಾಗೆ ಮಾಡಿ, ಬಿಕ್ಕಿ, ನಿಂತಿತು.

ಎಲ್ಲ ಸೇರಿ ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಆಮೇಲಿನ ಮೌನದಲ್ಲಿ ಬಿಸಿ ಲೋಹದ ಟಿಕ್ ಟಿಕ್ ಕೇಳುತ್ತಿತ್ತು. ಕೈ ಸುಟ್ಟ ವಾಸನೆ. ನಾನು ಗೋಡೆಯ ಹಿಂದಿನಿಂದ ಬಂದಾಗ ಅವರು ನೆಲದ ಮೇಲೆ ಕೂತಿದ್ದರು, ಮಣೆಯ ಮೇಲೆ ಅಲ್ಲ. ಮಣೆಯನ್ನು ಎದೆಗೆ ಅವಚಿಕೊಂಡಿದ್ದರು.

ಆಟೋದಲ್ಲಿ ದವಾಖಾನೆಗೆ ಹೋಗುವಾಗ ಕಾಕು ಅಳುತ್ತ ಬೈಯುತ್ತಿದ್ದರು. ಕಾಕಾ ಹಲ್ಲು ಕಚ್ಚಿ, ಕಣ್ಣು ಮುಚ್ಚಿ ಕೂತಿದ್ದವರು ಒಮ್ಮೆ ಮಾತ್ರ ಕಣ್ಣು ತೆರೆದರು.

“ಅಕ್ಕೋರ, ತಾಟಿನ್ಯಾಗ ಒಂಬತ್ತು ಇದ್ದೂವಲ?”

“ಇದ್ದೂವ್ರಿ” ಎಂದೆ.

ಅದು ನಿಜ. ಅಷ್ಟು ದೊಡ್ಡ ಸುಳ್ಳನ್ನು ನಾನು ಯಾವತ್ತೂ ಹೇಳಿರಲಿಲ್ಲ.

ಎರಡು ವಾರದ ಮೇಲೆ, ಬಲಗೈ ಇನ್ನೂ ಬ್ಯಾಂಡೇಜಿನಲ್ಲಿದ್ದಾಗ, ಒಬ್ಬರೇ ಕೂತು ಎಡಗೈಯಲ್ಲಿ ಟರ್ಬೊ ಬಿಚ್ಚುವುದನ್ನು ನಮ್ಮ ಮಾಳಿಗೆಯಿಂದ ನೋಡಿದೆ. ಇಳಿದು ಹೋಗಿ ಸಹಾಯ ಮಾಡಬೇಕಿತ್ತು. ಇಳಿಯಲಿಲ್ಲ. ವಾಪಸ್ ಪೈಪನ್ನು ಹೊರಗೆ ತೆಗೆದು, ಒಳಗೆ ತಂತಿ ಹಾಕಿ ಏನನ್ನೋ ಎಳೆದರು. ಕಪ್ಪಗೆ, ಎಣ್ಣೆ ಕುಡಿದು ಗಟ್ಟಿಯಾದ ಅರ್ಧ ಬೆರಳುದ್ದದ ತುಂಡು. ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿದರು. ಬೆಂಡು ತೆಗೆಯಲು ಆ ಪೈಪಿನ ಬಾಯಿಗೆ ಹೋದ ಕೈ ಒಂದೇ ಒಂದು. ಅದು ಅವರಿಗೂ ಗೊತ್ತು, ನನಗೂ ಗೊತ್ತು. ತುಂಡನ್ನು ಅಂಗಿಯ ಕಿಸೆಗೆ ಹಾಕಿಕೊಂಡು ಒಳಗೆ ಹೋದರು.

ಸಂಜೆ ಓಣಿಯವರಿಗೆಲ್ಲ, “ಕಿಟ್ಟಿನ ಸೀಲ್ ಖೊಟ್ಟಿ ಇತ್ತು. ನಾ ಮದಲ ನೋಡಬೇಕಿತ್ತು, ನೋಡಲಿಲ್ಲ” ಎಂದರು. ಟರ್ಬೊ ಪೆಟ್ಟಿಗೆ ಸೇರಿತು. ಕಾರು ಮೊದಲಿನ ಹಾಗೇ ಏದುಸಿರು ಬಿಡುತ್ತ ಓಡಾಡತೊಡಗಿತು. ಟ್ರ್ಯಾಕ್ಟರಿನವನು ಮತ್ತೆ ಎತ್ತಿನ ಮಾತು ಎತ್ತಲಿಲ್ಲ.

ಕಾಕು ಮಾತ್ರ ಬಿಡಲಿಲ್ಲ. ಮುದುಕರ ಚಟಕ್ಕೆ ತಾನು ಮುತ್ತೈದೆಯಾಗಿ ಆರತಿ ಹಿಡಿದುಕೊಂಡೇ ಸಾಯುತ್ತಿದ್ದೆ ಎಂದು ಬಂದವರ ಮುಂದೆಲ್ಲ ಹೇಳುವರು. ಕುಕ್ಕರ್ ಕೂಗಿದರೆ ಅಡುಗೆಮನೆಯಿಂದಲೇ, “ಬಂತ ನೋಡ್ರಿ ನಿಮ್ಮ ಸೀಟಿ. ಕಣ್ಣು ಮುಚ್ಚಿ ಕೇಳ್ರಿ” ಎನ್ನುವರು. ಗೋಡೆಯ ಈಚೆ ನನಗೂ ಕೇಳುತ್ತಿತ್ತು. ಕಾಕಾ ನಗುತ್ತಿದ್ದರು. ಒಮ್ಮೆಯೂ ಬೇರೆ ಮಾತು ಅವರ ಬಾಯಿಂದ ಬರಲಿಲ್ಲ.

ನಾನು ಗಾಡಿ ಮುಟ್ಟುವುದನ್ನೇ ಬಿಟ್ಟಿದ್ದೆ. ಸ್ಕೂಟರ್ ಬಿಟ್ಟು ಸಿಟಿ ಬಸ್ಸಿನಲ್ಲಿ ಕಾಲೇಜಿಗೆ ಹೋಗುವುದನ್ನು ಅವರು ಕಟ್ಟೆಯ ಮೇಲಿನಿಂದ ನೋಡುತ್ತಿದ್ದರು. ಒಂದು ಭಾನುವಾರ ಬಾಗಿಲು ತಟ್ಟಿ, ತಿಕೋಟಾದಲ್ಲಿ ಒಬ್ಬರನ್ನು ನೋಡುವುದಿದೆ, ಈ ಕೈಯಲ್ಲಿ ಸ್ಟೀರಿಂಗ್ ಹಿಡಿಯಲು ಬರುವುದಿಲ್ಲ, ನೀವೇ ನಡೆಸಬೇಕು ಎಂದರು. ಸ್ಟೀರಿಂಗ್ ಹಿಂದೆ ಕೂತೆ. ಚಾವಿ ಹಾಕಿದೆ. ತಿರುಗಿಸಲು ಕೈ ಬರಲಿಲ್ಲ.

“ಚಾಲೂ ಮಾಡ್ರಿ” ಎಂದರು. ಮಾಡಿದೆ.

“ಬಂದ್ ಮಾಡ್ರಿ.” ಮಾಡಿದೆ. ನಿಂತಿತು.

“ಮತ್ತ ಚಾಲೂ ಮಾಡ್ರಿ. ಬಂದ್ ಮಾಡ್ರಿ.”

ಎಷ್ಟು ಸಲವೋ. ಬೇವಿನ ಗಿಡದ ಕೆಳಗೆ ಕಾರು ಒಂದು ಗೇಣೂ ಮುಂದೆ ಹೋಗದೆ ಚಾಲೂ ಆಗುತ್ತಿತ್ತು, ನಿಲ್ಲುತ್ತಿತ್ತು. ನನ್ನ ಕಣ್ಣಿಂದ ನೀರು ಇಳಿಯುತ್ತಿತ್ತು. ಅವರು ಈ ಕಡೆ ನೋಡಲೇ ಇಲ್ಲ. ಬ್ಯಾಂಡೇಜಿನ ಕೈ ತೊಡೆಯ ಮೇಲಿಟ್ಟು, ಕಣ್ಣು ಮುಚ್ಚಿ, ಎಂಜಿನ್ ಕೇಳುತ್ತಿದ್ದರು. ಕೊನೆಗೆ, “ನೋಡ್ರಿ, ನಿಮ್ಮ ಮಾತು ಕೇಳತೈತಿ. ನಡೀರಿ ಈಗ” ಎಂದರು. ತಿಕೋಟಾದಲ್ಲಿ ಯಾರನ್ನೂ ನೋಡುವುದಿರಲಿಲ್ಲ. ಒಂದು ಅಂಗಡಿಯ ಮುಂದೆ ನಿಲ್ಲಿಸಿ ಚಹಾ ಕುಡಿದು ವಾಪಸ್ ಬಂದೆವು. ಆ ಹೋಗಿ ಬರುವ ದಾರಿಯಲ್ಲಿ ಹೇಳಬಹುದಿತ್ತು. ಹೇಳಲಿಲ್ಲ. ಆಮೇಲೆ ಮೂರು ವರ್ಷ, ಗೋಡೆಯ ಆಚೆ ಅವರು, ಈಚೆ ನಾನು.

ಮಣ್ಣು ಮಾಡಿದ ಐದನೆಯ ದಿನ ಹೋದಾಗ ಕಾಕು ಪಡಸಾಲೆಯಲ್ಲಿ ಅವರ ಸಾಮಾನಿನ ಪೆಟ್ಟಿಗೆ ತೆರೆದು ಕೂತಿದ್ದರು. ಪಾನಾಗಳನ್ನು ತಮ್ಮನಿಗೆ ಕೊಡಬೇಕೆಂದು ಬೇರೆ ತೆಗೆದಿಡುತ್ತಿದ್ದರು. ಮಗಳು ಒಳಗೆ ಅಡುಗೆ ಮಾಡುತ್ತಿದ್ದಳು. ಪೆಟ್ಟಿಗೆಯ ತಳದಿಂದ ಸ್ಟೀಲಿನ ತಾಟು ಬಂತು. ಅದರಲ್ಲಿ ಬೆಂಡುಗಳು. ಒಂದೊಂದರ ನಡುವೆಯೂ ತುದಿಯಿಂದ ತುದಿಗೆ ಕೆಂಪು ನೂಲು ಪೋಣಿಸಿ ಗಂಟು ಹಾಕಿತ್ತು.

“ಕೈ ಸುಟ್ಟಿದ್ದು ಇನ್ನೂ ಮಾಯ್ದಿದ್ದಿಲ್ಲ, ಸೂಜಿ ಹಿಡಕೊಂಡು ಇದನ್ನ ಮಾಡ್ಕೋತ ಕುಂತಿದ್ರು” ಎಂದರು ಕಾಕು. “ಯಾಕ್ರೀ ಅಂದ್ರ, ನಡುವ ತುಂಡಾದ್ರೂ ನೂಲು ಹಿಡದು ಎಳದ್ರ ಪೂರಾ ಬರತೈತಿ ಅಂದ್ರು. ಹುಚ್ಚರ ಸಂತಿ.”

ನಾನು ಕೂತೆ. ಹೇಳಿದೆ. ಇಕ್ಕಟ್ಟಿನ ಪೈಪು, ನನ್ನ ಸಣ್ಣ ಕೈ, ಬೆರಳಿಗೆ ಮುರಿದಂತೆ ಅನಿಸಿದ್ದು, ಅರ್ಧ ಬೆಂಡು, ಒಂಬತ್ತು ಎಂದದ್ದು, ಕಿಸೆಗೆ ಹೋದ ಕಪ್ಪು ತುಂಡು. ಎಲ್ಲ ಒಂದೇ ಉಸಿರಿಗೆ.

ಕಾಕುವಿನ ಕೈ ಪಾನಾದ ಮೇಲೆಯೇ ನಿಂತಿತ್ತು.

“ಸೀಲ್ ಖೊಟ್ಟಿ ಇತ್ತು ಅಂದಿದ್ರಲ್ಲ.”

“ಇರಲಿಲ್ರಿ ಕಾಕು.”

“ಅವರಿಗೆ ಗೊತ್ತಿತ್ತೇನು?”

“ಗೊತ್ತಿತ್ರಿ.”

ಅವರು ಗೋಡೆಯ ಕಡೆ ನೋಡಿದರು. ಐದು ದಿನದ ಹಿಂದೆ ಕಾಕಾ ಅವರನ್ನು ಒರಗಿಸಿದ್ದ ಜಾಗ. ವಿಭೂತಿಯ ಬಿಳಿ ಗುರುತು ಇನ್ನೂ ಇತ್ತು. “ಮೂರು ವರ್ಷ ಬೈದೆ. ದಿನಾ ಬೈದೆ. ಸಾಯೂ ದಿನ ಮುಂಜಾನೇನೂ ಬೈದೆ” ಎಂದರು. ನನಗೆ ಹೇಳಿದ್ದಲ್ಲ ಅದು.

ಒಳಗೆ ಕುಕ್ಕರ್ ಕೂಗಿತು. ಕಾಕುವಿನ ಮುಖ ತಟ್ಟನೆ ಗೋಡೆಯ ಕಡೆಗೇ ತಿರುಗಿತು, ಬಾಯಿ ತೆರೆಯಿತು. ಹಾಗೇ ಮುಚ್ಚಿತು. ಕುಕ್ಕರ್ ಇನ್ನೊಮ್ಮೆ ಕೂಗಿ ಸುಮ್ಮನಾಯಿತು.

ಕಾಕು ತಾಟನ್ನು ನನ್ನ ಮುಂದೆ ಸರಿಸಿದರು.

“ಎಣಸ್ರಿ ಅಕ್ಕೋರ” ಎಂದರು. “ಒಂದರ ಬಾಜೂಕ ಒಂದ ಇಟ್ಟ ಎಣಸ್ರಿ.”

ಒಂದೊಂದನ್ನೇ ನೂಲು ಹಿಡಿದು ಎತ್ತಿ, ನೆಲದ ಮೇಲೆ ಒಂದರ ಪಕ್ಕ ಒಂದು, ಗಿಡ್ಡದಿದ್ದರೆ ಕಾಣುವ ಹಾಗೆ ತುದಿ ಸಮ ಮಾಡಿ ಇಟ್ಟೆ. ಒಂಬತ್ತನೆಯದನ್ನು ಇಡುವವರೆಗೂ ಕಾಕು ನನ್ನ ಕೈಯನ್ನೇ ನೋಡುತ್ತಿದ್ದರು.